ಕನ್ನಡದ ಅಕ್ಷರಗಳಿಗೆ ಅಂಕಿ ಕೊಟ್ಟವರು ಯಾರು?

(ನ್ಯೂ ಲಿನ್‌ನಲ್ಲಿ ಸೇರಿದ್ದ ಕನ್ನಡ ಓದುಗರ ಸಭೆಯೊಂದರಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಗಣಕಯಂತ್ರಕ್ಕೆ ಅಕ್ಷರ ತಿಳಿಯದು, ಅಂಕಿ ಮಾತ್ರ ತಿಳಿಯುತ್ತದೆ. ಆದುದರಿಂದ ಪ್ರತಿಯೊಂದು ಅಕ್ಷರಕ್ಕೂ ಯಾರೋ ಒಂದು ಅಂಕಿಯನ್ನು ಗೊತ್ತುಮಾಡಬೇಕಾಗುತ್ತದೆ. ಆ ಅಂಕಿಯನ್ನು ಲೋಕದ ಎಲ್ಲ ಯಂತ್ರಗಳೂ ಒಂದೇ ಬಗೆಯಲ್ಲಿ ಅರ್ಥಮಾಡಿಕೊಳ್ಳಬೇಕಾಗುತ್ತದೆ. ಇಷ್ಟು ಮಾತಿನಲ್ಲಿ ರಾಜಕಾರಣವೇನೂ ಕಾಣಿಸುವುದಿಲ್ಲ. ಆ 'ಯಾರೋ' ಎಂಬವರು ಯಾರು, ಎಲ್ಲಿ ಕುಳಿತು, ಯಾರನ್ನು ಕೇಳಿ ಗೊತ್ತುಮಾಡಿದರು ಎಂದು ವಿಚಾರಿಸತೊಡಗಿದಾಗ ಅದು ಒಂದೊಂದಾಗಿ ಹೊರಬೀಳುತ್ತದೆ. ಕನ್ನಡದ ಮಟ್ಟಿಗೆ ಈ ವಿಚಾರಣೆ ಬಹಳ ಕಡಿಮೆ ನಡೆದಿದೆ. ಲಿಪಿಯ ಸೌಂದರ್ಯದ ಬಗ್ಗೆ, ಅದರ ಪ್ರಾಚೀನತೆಯ ಬಗ್ಗೆ ನವೆಂಬರ್ ತಿಂಗಳ ವೇದಿಕೆಗಳಲ್ಲಿ ಕೇಳಿಬರುವ ಮಾತುಗಳು ಅಳತೆಗೆ ಸಿಗುವಂಥವಲ್ಲ. ಅದೇ ಲಿಪಿ ಯಂತ್ರದೊಳಗೆ ಯಾವ ರೂಪದಲ್ಲಿ ಕುಳಿತಿದೆ ಎಂಬುದು ಮಾತ್ರ ತಂತ್ರಜ್ಞರ ಪಾಲಿನ ಕೆಲಸವೆಂದು ಬಿಟ್ಟುಬಿಟ್ಟಿದ್ದೇವೆ.

'ಕನ್ನಡ' ಎಂಬ ಪದವನ್ನೇ ತೆಗೆದುಕೊಳ್ಳಬಹುದು. ಇಂದಿನ ಯಾವುದೇ ಮೊಬೈಲಿನಲ್ಲಿ ಅದು ಐದು ಅಂಕಿಗಳಾಗಿ ನಿಲ್ಲುತ್ತದೆ: ಕ 3221, ನ 3240, ಅಕ್ಷರದ ಸ್ವರವನ್ನು ಕಳೆಯುವ ವಿರಾಮ ಚಿಹ್ನೆ 3277, ಮತ್ತೆ ನ 3240, ಡ 3233. ಇದು ಯೂನಿಕೋಡ್ ಎಂಬ ಜಾಗತಿಕ ಕೋಷ್ಟಕ ಕೊಟ್ಟ ಲೆಕ್ಕ. ಒತ್ತಕ್ಷರವನ್ನು ನ-ದ ಕೆಳಗೆ ಇಳಿಸಿ ತೋರಿಸುವುದು ಫಾಂಟಿನ ಹೊಣೆ. ದಾಸ್ತಾನಿನಲ್ಲಿ ಇರುವುದು ಉಚ್ಚಾರಣೆಯ ಅನುಕ್ರಮ. ಅದೇ ಪದವನ್ನು ಇಪ್ಪತ್ತು ವರ್ಷಗಳ ಹಿಂದೆ ಬೆಂಗಳೂರಿನ ಮುದ್ರಣಾಲಯವೊಂದರಲ್ಲಿ ನುಡಿ ಅಥವಾ ಬರಹ ತಂತ್ರಾಂಶದ ಫಾಂಟಿನಲ್ಲಿ ಬೆರಳಚ್ಚು ಮಾಡಿದ್ದರೆ ಯಂತ್ರದೊಳಗೆ ಏಳು ಸಂಕೇತಗಳು ಸೇರುತ್ತಿದ್ದವು. ಮೊದಲನೆಯದು ಲ್ಯಾಟಿನ್ನಿನ ದೊಡ್ಡ ಪಿ. ಎರಡನೆಯದು ಫ್ರೆಂಚರು ಬಳಸುವ, ತಲೆಯ ಮೇಲೆ ಓರೆಗೆರೆ ಇರುವ ಎ. ಮೂರನೆಯದು ಬ್ರಿಟಿಷ್ ಪೌಂಡ್ ನಾಣ್ಯದ ಗುರುತು. ಬಳಿಕ ಮತ್ತೆ ಅದೇ ಎ, ಜರ್ಮನ್ನರ ಜೋಡಿ ಎಸ್, ಸಣ್ಣ ಕ್ಯೂ, ಕೊನೆಗೆ ಇನ್ನೊಮ್ಮೆ ಅದೇ ಎ. ಪಿ ಇರಬೇಕಾದ ಮನೆಯಲ್ಲಿ ತಲೆಕಟ್ಟಿಲ್ಲದ ಕ-ದ ಚಿತ್ರವನ್ನೂ ಓರೆಗೆರೆಯ ಎ ಇದ್ದಲ್ಲಿ ತಲೆಕಟ್ಟಿನ ಚಿತ್ರವನ್ನೂ ಜರ್ಮನ್ ಎಸ್ ಇದ್ದಲ್ಲಿ ನ-ಒತ್ತಿನ ಚಿತ್ರವನ್ನೂ ಕೂರಿಸಿದ್ದರಿಂದ ಓದುವವರ ಕಣ್ಣಿಗೆ ಕನ್ನಡ ಕಾಣುತ್ತಿತ್ತು. ಯಂತ್ರದ ದೃಷ್ಟಿಯಲ್ಲಿ ಅಲ್ಲಿ ಕನ್ನಡವೆಂಬುದು ಇರಲೇ ಇಲ್ಲ.

ಒಂದು ತಲೆಮಾರಿನ ಕನ್ನಡ ಬರವಣಿಗೆಯ ಬಹುಪಾಲು ಈ ವೇಷದಲ್ಲಿ ದಾಖಲಾಗಿದೆ. ಇಂದಿನ ಮಾತು ಮುಖ್ಯವಾಗಿ ಅದರ ಬಗ್ಗೆ. ಆದರೆ ಅಲ್ಲಿಗೆ ತಲುಪಲು ಸ್ವಲ್ಪ ಸುತ್ತುದಾರಿ ಹಿಡಿಯಬೇಕಾಗುತ್ತದೆ. ಮೊದಲ ನಿಲ್ದಾಣ ಜಪಾನು.

1960ರ ದಶಕದಲ್ಲಿ ಅಮೆರಿಕದಲ್ಲಿ ರೂಪುಗೊಂಡ ಆಸ್ಕಿ ಎಂಬ ಸಂಕೇತಪಟ್ಟಿಯಲ್ಲಿ 128 ಮನೆಗಳಿದ್ದವು. ಇಂಗ್ಲಿಷಿಗೆ ಅಷ್ಟು ಧಾರಾಳವಾಗಿ ಸಾಕು. ಅದನ್ನು ಇಮ್ಮಡಿಸಿದ 256ರಲ್ಲಿ ಪಶ್ಚಿಮ ಯೂರೋಪಿನ ನುಡಿಗಳೂ ಹೇಗೋ ಹೊಂದಿಕೊಂಡವು. ಸಾವಿರಾರು ಕಾಂಜಿ ಅಕ್ಷರಗಳ ಜೊತೆಗೆ ಹಿರಗಾನ, ಕಟಕಾನ ಎಂಬ ಎರಡು ಉಚ್ಚಾರಣಾ ಲಿಪಿಗಳನ್ನೂ ಒಟ್ಟಿಗೆ ಬಳಸುವ ಜಪಾನೀಯರಿಗೆ ಅಲ್ಲಿ ಕಾಲಿಡಲೂ ಜಾಗವಿರಲಿಲ್ಲ. ಅವರು ಕಾಯಲಿಲ್ಲ. 1978ರಲ್ಲಿಯೇ ಜಪಾನಿನ ರಾಷ್ಟ್ರೀಯ ಮಾನಕವೊಂದು ಹೊರಬಂದಿತು. 6,349 ಕಾಂಜಿಗಳನ್ನೊಳಗೊಂಡು ಒಟ್ಟು 6,802 ಚಿಹ್ನೆಗಳಿಗೆ ಅದರಲ್ಲಿ ಎರಡೆರಡು ಬೈಟುಗಳ ಸಂಕೇತ ನಿಗದಿಯಾಗಿತ್ತು. ಅಲ್ಲಿಗೆ ಎಲ್ಲವೂ ಸುಗಮವಾಯಿತೆಂದಲ್ಲ. ಅದೇ ಮಾನಕವನ್ನು ಬೈಟುಗಳಾಗಿ ಬರೆಯುವ ಮೂರು ಪರಸ್ಪರ ಹೊಂದದ ಪದ್ಧತಿಗಳು ಹುಟ್ಟಿಕೊಂಡವು. ಒಂದು ಪದ್ಧತಿಯಲ್ಲಿ ಬರೆದುದನ್ನು ಇನ್ನೊಂದರಲ್ಲಿ ತೆರೆದರೆ ಪರದೆಯ ತುಂಬ ಅರ್ಥಹೀನ ಚಿಹ್ನೆಗಳು. ಜಪಾನೀಯರು ಇದನ್ನು 'ಮೊಜಿಬಾಕೆ' ಎಂದರು, ಅಂದರೆ ರೂಪಗೆಟ್ಟ ಅಕ್ಷರ. ಇಂದು ಲೋಕದ ತಂತ್ರಜ್ಞರೆಲ್ಲ ಬಳಸುವ ಪದ ಇದು. ಹಳೆಯ ನುಡಿ ಕಡತವನ್ನು ಹೊಸ ಗಣಕದಲ್ಲಿ ತೆರೆದಾಗ ಕಾಣುವುದಕ್ಕೂ ಬೇರೆ ಹೆಸರು ಬೇಕಾಗಿಲ್ಲ.

ಜಪಾನಿನ ಆ ಪಟ್ಟಿಯಲ್ಲಿ ಸ್ವಾರಸ್ಯದ ತಪ್ಪುಗಳೂ ಇವೆ. ಯಾವ ನಿಘಂಟಿನಲ್ಲೂ ಇಲ್ಲದ, ಯಾರೂ ಬಳಸದ ಕೆಲವು ಕಾಂಜಿಗಳು ಅದರೊಳಗೆ ಸೇರಿಕೊಂಡಿದ್ದವು. ಅವನ್ನು 'ಭೂತಾಕ್ಷರ'ಗಳೆಂದು ಕರೆಯುತ್ತಾರೆ. 1997ರ ಪರಿಷ್ಕರಣೆಯ ವೇಳೆ ವಿದ್ವಾಂಸರು ಅವುಗಳ ಜಾಡು ಹಿಡಿದರು. ಒಂದು ಅಕ್ಷರದ ಕಥೆ ಹೀಗೆ ಬಯಲಾಯಿತು: ಬೆಟ್ಟವನ್ನೂ ಹೆಣ್ಣನ್ನೂ ಸೂಚಿಸುವ ಎರಡು ಚಿಹ್ನೆಗಳು ಕೂಡಿದ ಸ್ಥಳನಾಮದ ಅಕ್ಷರವೊಂದು ಅಚ್ಚಿಗೆ ಸಿಗದೆ, ಕಾಗದ ಕತ್ತರಿಸಿ ಒಂದರ ಕೆಳಗೊಂದು ಅಂಟಿಸಿದ್ದರು, ಅಂಟಿನ ಅಂಚಿನ ನೆರಳು ಪ್ರತಿಯಲ್ಲಿ ಒಂದು ಗೀಟಾಗಿ ಮೂಡಿತು, ಆ ಗೀಟು ಅಕ್ಷರದ ಭಾಗವೆಂದು ಎಣಿಕೆಯಾಯಿತು. ಇಲ್ಲಿ ಗಮನಿಸಬೇಕಾದುದು ತಪ್ಪನ್ನಲ್ಲ. ತಪ್ಪು ಹೇಗೆ ಆಯಿತೆಂದು ಹುಡುಕಿ ದಾಖಲಿಸುವಷ್ಟು ವಿದ್ವಾಂಸರನ್ನು ಆ ದೇಶ ತನ್ನ ಸಂಕೇತಪಟ್ಟಿಯ ಕೆಲಸಕ್ಕೆ ತೊಡಗಿಸಿತ್ತು ಎಂಬುದನ್ನು.

ಕನ್ನಡಕ್ಕೂ ಒಂದು ಭೂತಾಕ್ಷರವಿದೆ.

ಅದನ್ನು ತಿಳಿಯಲು ಭಾರತದ ಕಥೆಗೆ ಬರಬೇಕು. 1980ರ ದಶಕದಲ್ಲಿ ಕಾನ್ಪುರದ ಐಐಟಿಯಲ್ಲಿ, ಬಳಿಕ ಪುಣೆಯ ಸಿ-ಡ್ಯಾಕ್ ಸಂಸ್ಥೆಯಲ್ಲಿ ನಡೆದ ಕೆಲಸದಿಂದ ಇಸ್ಕಿ ಎಂಬ ಮಾನಕ ರೂಪುಗೊಂಡು 1991ರಲ್ಲಿ ಭಾರತೀಯ ಮಾನಕ 13194 ಎಂದು ಅಂಗೀಕಾರವಾಯಿತು. ಬ್ರಾಹ್ಮಿಯಿಂದ ಇಳಿದುಬಂದ ಲಿಪಿಗಳೆಲ್ಲಕ್ಕೂ ಒಂದೇ ಸಂಕೇತ ಎಂಬುದು ಅದರ ಮೂಲ ಕಲ್ಪನೆ. ಕನ್ನಡದ ಕ, ಬಂಗಾಳಿಯ ಕ, ದೇವನಾಗರಿಯ ಕ ಎಲ್ಲಕ್ಕೂ ಅಂಕಿ ಒಂದೇ. ಯಾವ ಲಿಪಿಯಲ್ಲಿ ತೋರಿಸಬೇಕೆಂಬುದಕ್ಕೆ ಇನ್ನೊಂದು ಗುರುತು. ಇದರಲ್ಲಿ ಜಾಣ್ಮೆ ಇತ್ತು, ಒಪ್ಪಬೇಕು. ಒಂದು ಲಿಪಿಯಲ್ಲಿರುವುದನ್ನು ಗುಂಡಿ ಒತ್ತಿ ಇನ್ನೊಂದು ಲಿಪಿಗೆ ತಿರುಗಿಸಬಹುದಿತ್ತು. ಜೊತೆಗೆ ಅದರಲ್ಲಿ ಒಂದು ಪೂರ್ವಗ್ರಹವೂ ಇತ್ತು: ಭಾರತದ ಲಿಪಿಗಳೆಲ್ಲ ಮೂಲತಃ ಒಂದೇ ವರ್ಣಮಾಲೆಯ ಬೇರೆಬೇರೆ ಉಡುಪುಗಳು ಎಂಬ ಭಾವನೆ. ಉರ್ದು, ಕಾಶ್ಮೀರಿ, ಸಿಂಧಿಗಳ ಪರ್ಸೋ-ಅರಬಿಕ್ ಲಿಪಿ ಈ ಮನೆಯೊಳಗೆ ಬರಲೇ ಇಲ್ಲ. 'ಭಾರತೀಯ' ಎಂಬ ವಿಶೇಷಣದ ಗಡಿ ಎಲ್ಲಿ ಎಂಬುದನ್ನು ಒಂದು ತಾಂತ್ರಿಕ ದಾಖಲೆ ಸದ್ದಿಲ್ಲದೆ ತೀರ್ಮಾನಿಸಿಬಿಟ್ಟಿತು.

ಅಕ್ಟೋಬರ್ 1991ರಲ್ಲಿ ಯೂನಿಕೋಡಿನ ಮೊದಲ ಆವೃತ್ತಿ ಪ್ರಕಟವಾದಾಗ ಭಾರತೀಯ ಲಿಪಿಗಳ ವಿನ್ಯಾಸವನ್ನು ಇಸ್ಕಿಯ 1988ರ ರೂಪದಿಂದ ಎತ್ತಿಕೊಂಡಿತು. ಪ್ರತಿ ಲಿಪಿಗೆ ಪ್ರತ್ಯೇಕವಾಗಿ 128 ಮನೆಗಳ ಸಾಲು ಸಿಕ್ಕಿತು. ಕನ್ನಡದ್ದು 3200ರಿಂದ 3327ರವರೆಗೆ. ಪ್ರತ್ಯೇಕ ಸಾಲು ಸಿಕ್ಕರೂ ಸಾಲಿನೊಳಗಿನ ಜೋಡಣೆ ಎಲ್ಲ ಲಿಪಿಗಳಿಗೂ ಸಮಾನಾಂತರ. ಒಂದು ಲಿಪಿಯಲ್ಲಿ ಇರುವ ಅಕ್ಷರ ಇನ್ನೊಂದರಲ್ಲಿ ಇಲ್ಲವಾದರೆ ಆ ಮನೆ ಖಾಲಿ. ಕನ್ನಡದ ಅಕಾರಾದಿಯಲ್ಲಿ ಳ-ಕಾರ ಹ-ದ ನಂತರ ಬರುತ್ತದೆ, ಮಗ್ಗಿಯಂತೆ ಬಾಯಿಗೆ ಬರುವ ಕ್ರಮ ಅದು. ಕೋಷ್ಟಕದಲ್ಲಿ ಅದು ಲ-ದ ಬೆನ್ನಿಗೇ, 3251ರಲ್ಲಿ, ವ-ಕ್ಕಿಂತ ಮುಂಚೆ ಕುಳಿತಿದೆ. ಅಂಕಿಯ ಕ್ರಮದಲ್ಲಿಯೇ ಒಂದು ಕನ್ನಡ ಪದಪಟ್ಟಿಯನ್ನು ಜೋಡಿಸಿದರೆ ಯಾವ ಕನ್ನಡ ನಿಘಂಟಿಗೂ ಅದು ಹೊಂದುವುದಿಲ್ಲ. ಸರಿಯಾದ ಕ್ರಮಕ್ಕಾಗಿ ಬೇರೆಯೇ ನಿಯಮಾವಳಿಯನ್ನು ಮೇಲೆ ಹೊದಿಸಬೇಕು.

ಇದು ಸಣ್ಣದು. ಭೂತಾಕ್ಷರದ ಕಥೆ ಇದಕ್ಕಿಂತ ದೊಡ್ಡದು. ಹಳಗನ್ನಡದಲ್ಲಿ ೞ ಎಂಬ ಅಕ್ಷರವೊಂದಿತ್ತು. ಮೞೆ, ಕೋೞಿ, ಏೞು ಎಂಬ ಪದಗಳಲ್ಲಿ ಅದನ್ನು ಕಾಣಬಹುದು. ಕೇಶಿರಾಜ ತನ್ನ ಶಬ್ದಮಣಿದರ್ಪಣದಲ್ಲಿ ರೞ, ಕುಳ, ಕ್ಷಳಗಳ ವ್ಯತ್ಯಾಸವನ್ನು ಶ್ರದ್ಧೆಯಿಂದ ವಿವರಿಸುತ್ತಾನೆ, ಏಕೆಂದರೆ ಅವನ ಕಾಲಕ್ಕಾಗಲೇ ಜನರ ನಾಲಗೆಯಲ್ಲಿ ಆ ವ್ಯತ್ಯಾಸ ಮಸುಕಾಗುತ್ತಿತ್ತು. ತಮಿಳು ಮತ್ತು ಮಲಯಾಳಂಗಳು ಆ ಧ್ವನಿಯನ್ನು ಇಂದಿಗೂ ಉಳಿಸಿಕೊಂಡಿವೆ. ಯೂನಿಕೋಡ್ ಕೋಷ್ಟಕದಲ್ಲಿ ತಮಿಳಿಗೂ ಮಲಯಾಳಕ್ಕೂ ದೇವನಾಗರಿಗೂ ಆ ಅಕ್ಷರಕ್ಕೆ ಒಂದೇ ಸಮಾನಾಂತರ ಸ್ಥಾನವಿದೆ. ಕನ್ನಡದಲ್ಲಿ ಆ ಸ್ಥಾನ 3252. ಅದು ಖಾಲಿ. ೞ ಇರುವುದು ದೂರದಲ್ಲಿ, 3294ನೆಯ ಮನೆಯಲ್ಲಿ. ಅಲ್ಲಿ ಅದಕ್ಕೆ ಕೊಟ್ಟಿರುವ ಅಧಿಕೃತ ಹೆಸರು 'ಕನ್ನಡ ಅಕ್ಷರ ಫ಼'. ಇಂಗ್ಲಿಷಿನ ಎಫ್ ಧ್ವನಿ. ಹಳಗನ್ನಡದ ಯಾವ ಕವಿಯ ಬಾಯಲ್ಲೂ ಬಂದಿರಲಾರದ ಧ್ವನಿ. ದೇವನಾಗರಿ ಸಾಲಿನಲ್ಲಿ ಅದೇ ಸಮಾನಾಂತರ ಮನೆಯಲ್ಲಿ ಇರುವುದು ಉರ್ದು ಪದಗಳಿಗಾಗಿ ಚುಕ್ಕೆ ಇಟ್ಟು ಬರೆಯುವ ಫ಼. ಆ ಸಾಲಿನ ಹೆಸರು ಕನ್ನಡದ ಒಂದು ಪ್ರಾಚೀನ ಅಕ್ಷರದ ಕೊರಳಿಗೆ ಬಿದ್ದಿತು. ಕರಡು ಪಟ್ಟಿಯನ್ನು ಹಳಗನ್ನಡ ಬಲ್ಲ ಒಬ್ಬ ಮೇಷ್ಟರು ನೋಡಿದ್ದರೆ ಐದು ನಿಮಿಷದಲ್ಲಿ ತಿದ್ದಿಕೊಡುತ್ತಿದ್ದರು.

ತಪ್ಪು ತಿಳಿದ ಮೇಲಾದರೂ ತಿದ್ದಬಾರದೇ ಎಂದರೆ, ಹಾಗೆ ಮಾಡುವಂತಿಲ್ಲ. 1996ರ ಎರಡನೆಯ ಆವೃತ್ತಿಯಿಂದ ಮುಂದಕ್ಕೆ ಒಮ್ಮೆ ಕೊಟ್ಟ ಅಂಕಿಯನ್ನಾಗಲಿ ಹೆಸರನ್ನಾಗಲಿ ಬದಲಿಸುವುದಿಲ್ಲವೆಂದು ಯೂನಿಕೋಡ್ ಒಕ್ಕೂಟ ಮಾತು ಕೊಟ್ಟಿದೆ. ಈ ನಿಯಮಕ್ಕೆ ಬಲವಾದ ಕಾರಣವಿದೆ. ನಿನ್ನೆ ಬರೆದ ಕಡತ ಇಂದೂ ತೆರೆಯಬೇಕಾದರೆ ಕೋಷ್ಟಕ ಅಲುಗಾಡಬಾರದು. ಜಪಾನೀ, ಚೀನೀ ಉದ್ದಗೆರೆಯ ಬರಹಕ್ಕೆಂದು ಸೇರಿಸಿದ ಒಂದು ಆವರಣ ಚಿಹ್ನೆಯ ಹೆಸರಿನಲ್ಲಿ 'ಬ್ರ್ಯಾಕೆಟ್' ಎಂಬ ಪದದ ಇಂಗ್ಲಿಷ್ ಕಾಗುಣಿತವೇ ತಪ್ಪಿದೆ, ಅದೂ ಹಾಗೆಯೇ ಉಳಿದಿದೆ. ಆದ್ದರಿಂದ ೞ-ಕಾರದ ಪಕ್ಕದಲ್ಲಿ 'ಈ ಹೆಸರು ತಪ್ಪು' ಎಂಬ ಟಿಪ್ಪಣಿಯೂ ಸರಿಪಡಿಸಿದ ಪರ್ಯಾಯ ಹೆಸರೂ ಸೇರಿದವು. ಮೂಲ ಹೆಸರು ಶಾಶ್ವತ.

ಇಲ್ಲಿ ನ್ಯೂಜಿಲೆಂಡಿನಲ್ಲಿ ನಿಂತು ಈ ಕಥೆ ಹೇಳುವಾಗ ಒಂದು ವಿನೋದ ತಾನಾಗಿ ಒದಗುತ್ತದೆ. ಮಾವೊರಿ ಭಾಷೆಯಲ್ಲಿ ಡಬ್ಲ್ಯೂ-ಎಚ್ ಎಂದು ಬರೆಯುವ ಧ್ವನಿಯನ್ನು ಹೆಚ್ಚಿನವರು ಎಫ್‌ಗೆ ಹತ್ತಿರವಾಗಿ ನುಡಿಯುತ್ತಾರೆ. ಉತ್ತರದ ಊರಿನ ಹೆಸರನ್ನು ಕನ್ನಡದಲ್ಲಿ ನಿಷ್ಠೆಯಿಂದ ಬರೆಯಬೇಕಾದರೆ 'ಫ಼ಂಗಾರೆ' ಎಂದು ಎರಡು ಚುಕ್ಕೆ ಇಟ್ಟು ಬರೆಯಬೇಕು. ಕನ್ನಡಕ್ಕೆ ಎಫ್ ಅಕ್ಷರ 1991ರಲ್ಲಿಯೇ ಇತ್ತೆಂದು ಕೋಷ್ಟಕ ಹೇಳುತ್ತದೆ. ನಿಜವಾಗಿ ಬೇಕಾಗಿದ್ದ ಆ ಎರಡು ಚುಕ್ಕೆಯ ನುಕ್ತಾ ಚಿಹ್ನೆ ಕನ್ನಡದ ಸಾಲಿಗೆ ಸೇರಿದ್ದು 2003ರಲ್ಲಿ.

ಈಗ ಫಾಂಟುಗಳ ಕಾಲಕ್ಕೆ ಬರೋಣ. ಮಾನಕ 1991ರಲ್ಲಿಯೇ ಇದ್ದರೂ ಅದನ್ನು ಪರದೆಯ ಮೇಲೆ ತೋರಿಸಬಲ್ಲ ಸಾಮಾನ್ಯ ಗಣಕ ಹತ್ತು ವರ್ಷ ಇರಲಿಲ್ಲ. ಮೈಕ್ರೋಸಾಫ್ಟಿನ ವಿಂಡೋಸ್ ಎಕ್ಸ್‌ಪಿಯೊಡನೆ 'ತುಂಗಾ' ಎಂಬ ಕನ್ನಡ ಫಾಂಟು ಬಂದದ್ದು 2001ರಲ್ಲಿ. ಆ ನಡುವಣ ಅವಧಿಯಲ್ಲಿ ಪತ್ರಿಕೆಗಳು, ಮುದ್ರಣಾಲಯಗಳು, ಸರ್ಕಾರಿ ಕಚೇರಿಗಳು ಕೈಗೆ ಸಿಕ್ಕ ಉಪಾಯವನ್ನು ಹಿಡಿದವು: ಲ್ಯಾಟಿನ್ ಮನೆಗಳಲ್ಲಿ ಕನ್ನಡದ ಚೂರುಗಳನ್ನು ಕೂರಿಸುವುದು. ಶ್ರೀಲಿಪಿ, ಪ್ರಕಾಶಕ್, ಆಕೃತಿ ಮುಂತಾದ ತಂತ್ರಾಂಶಗಳು ಮಾರುಕಟ್ಟೆಗೆ ಬಂದವು. ಪ್ರತಿಯೊಂದರ ಚೂರುಗಳ ಜೋಡಣೆಯೂ ಬೇರೆ. ಒಂದರಲ್ಲಿ ಬರೆದುದು ಇನ್ನೊಂದರಲ್ಲಿ ತೆರೆಯದು. ಗಿರಾಕಿಯನ್ನು ಕಟ್ಟಿಹಾಕುವುದಕ್ಕೆ ಮಾರಾಟಗಾರರಿಗೆ ಇದಕ್ಕಿಂತ ಒಳ್ಳೆಯ ಗೂಟ ಬೇಕಿರಲಿಲ್ಲ. ಭಾಷೆಯ ಅಕ್ಷರಮಾಲೆಯೇ ಖಾಸಗಿ ಸ್ವತ್ತಿನ ಸ್ಥಿತಿಗೆ ಇಳಿಯಿತು.

ಇದರ ನಡುವೆ ಕೆಲವರು ಬೇರೆ ದಾರಿ ತುಳಿದರು. ಕಿನ್ನಿಕಂಬಳದ ಕೆ. ಪಿ. ರಾವ್ ಅವರು ಕನ್ನಡದ ಧ್ವನಿವ್ಯವಸ್ಥೆಗೆ ಒಪ್ಪುವ ಸರಳ ಕೀಲಿಮಣೆಯನ್ನು ರೂಪಿಸಿ ಅದನ್ನು ಸಾರ್ವಜನಿಕರಿಗೆ ಬಿಟ್ಟುಕೊಟ್ಟರು. ತಮ್ಮ ತಂತ್ರಾಂಶಕ್ಕೆ ಸೇಡಿಯಾಪು ಕೃಷ್ಣಭಟ್ಟರ ನೆನಪಿನಲ್ಲಿ 'ಸೇಡಿಯಾಪು' ಎಂದು ಹೆಸರಿಟ್ಟರು. ಇಂದು ಸರ್ಕಾರದ ಅಧಿಕೃತ ಕೀಲಿಮಣೆ ಆ ವಿನ್ಯಾಸದಿಂದಲೇ ಬಂದುದು. ಅಮೆರಿಕದಲ್ಲಿದ್ದ ಶೇಷಾದ್ರಿವಾಸು ಚಂದ್ರಶೇಖರನ್ ಅವರು 1998ರಲ್ಲಿ 'ಬರಹ'ವನ್ನು ಬಿಡುಗಡೆ ಮಾಡಿದರು. ವಿದೇಶದಲ್ಲಿದ್ದ ಕನ್ನಡಿಗರು ಒಬ್ಬರಿಗೊಬ್ಬರು ಕನ್ನಡದಲ್ಲಿ ಬರೆಯತೊಡಗಿದ್ದು ಬಹುಮಟ್ಟಿಗೆ ಅದರಿಂದ. ವಲಸೆಗಾರರು ಭಾಷೆಗೆ ಮರಳಿ ಕೊಟ್ಟ ಕೊಡುಗೆಗಳಲ್ಲಿ ಇದನ್ನು ಮೊದಲ ಸಾಲಿನಲ್ಲಿ ಇಡಬೇಕು. ಕನ್ನಡ ಗಣಕ ಪರಿಷತ್ತು ಸರ್ಕಾರಕ್ಕಾಗಿ 'ನುಡಿ'ಯನ್ನು ಸಿದ್ಧಪಡಿಸಿತು. ಪೂರ್ಣಚಂದ್ರ ತೇಜಸ್ವಿಯವರು ತಮ್ಮ ಕೊನೆಯ ವರ್ಷಗಳಲ್ಲಿ ಕಾಡು, ಹಕ್ಕಿಗಳಷ್ಟೇ ಆಸ್ಥೆಯಿಂದ ಕನ್ನಡ ತಂತ್ರಾಂಶದ ಬೆನ್ನು ಹತ್ತಿದ್ದರು. ಸಾಹಿತಿಯೊಬ್ಬರು ಫಾಂಟಿನ ವಿಚಾರಕ್ಕೆ ಇಷ್ಟು ಮುನಿಸಿಕೊಳ್ಳುವುದೇಕೆಂದು ಹಲವರಿಗೆ ಅರ್ಥವಾಗಿರಲಿಲ್ಲ.

ಬರಹ, ನುಡಿಗಳ ಋಣ ದೊಡ್ಡದು. ಅವು ಕನ್ನಡವನ್ನು ದುಬಾರಿ ತಂತ್ರಾಂಶಗಳ ಹಿಡಿತದಿಂದ ಸಾಮಾನ್ಯರ ಮನೆಗೆ ತಂದವು. ಆದರೆ ಅವು ತಂದ ಅನುಕೂಲವೇ ಮುಂದೆ ತೊಡಕೂ ಆಯಿತು. ಯೂನಿಕೋಡ್ ಕೈಗೆ ಬಂದ ಮೇಲೂ ಕಚೇರಿಗಳು ಹಳೆಯ ಫಾಂಟನ್ನು ಬಿಡಲಿಲ್ಲ. ಇದಕ್ಕೆ ಸೋಮಾರಿತನವನ್ನೇ ದೂರುವುದು ಅನ್ಯಾಯ. ಪುಟ ಕಟ್ಟಲು ಎಲ್ಲರೂ ಬಳಸುತ್ತಿದ್ದ ಪೇಜ್‌ಮೇಕರ್ ತಂತ್ರಾಂಶ ಯೂನಿಕೋಡನ್ನೇ ಅರಿಯದು. ಡಿಟಿಪಿ ಕೇಂದ್ರದಲ್ಲಿ ಪುಟಕ್ಕಿಷ್ಟೆಂದು ಕೂಲಿ ಪಡೆಯುವ ಹೆಣ್ಣುಮಗಳಿಗೆ ಹೊಸ ಯಂತ್ರ, ಹೊಸ ತಂತ್ರಾಂಶ ಕೊಡಿಸುವವರಿರಲಿಲ್ಲ. ಮೊಬೈಲುಗಳ ಕಥೆಯೂ ತಡ. ಆಂಡ್ರಾಯ್ಡ್ ವ್ಯವಸ್ಥೆ ಕನ್ನಡವನ್ನು ಸ್ವತಃ ತೋರಿಸತೊಡಗಿದ್ದು 2012ರ ಆವೃತ್ತಿಯಿಂದ. ಹೀಗೆ ಸುಮಾರು ಎರಡು ದಶಕಗಳ ಕಾಲ ಕನ್ನಡದ ಗದ್ಯ, ಪದ್ಯ, ಚಳವಳಿಗಳ ಕರಪತ್ರ, ಆಯೋಗಗಳ ವರದಿ, ಸರ್ಕಾರದ ಆದೇಶ ಎಲ್ಲವೂ ಪೌಂಡಿನ ಗುರುತು ಮತ್ತು ಜರ್ಮನ್ ಎಸ್‌ಗಳಾಗಿ ದಾಸ್ತಾನಾದವು.

ಅದರಿಂದ ಯಾರಿಗೆ ನಷ್ಟ? ಮೊದಲ ನಷ್ಟ ಅಂಧ ಓದುಗರಿಗೆ. ಪರದೆಯ ಪಠ್ಯವನ್ನು ಗಟ್ಟಿಯಾಗಿ ಓದಿಹೇಳುವ ತಂತ್ರಾಂಶಗಳಿವೆ. ಅವುಗಳಲ್ಲಿ ಎನ್‌ವಿಡಿಎ ಎಂಬುದನ್ನು ನೆರೆಯ ಆಸ್ಟ್ರೇಲಿಯದ ಅಂಧ ತಂತ್ರಜ್ಞರೇ ಆರಂಭಿಸಿ ಉಚಿತವಾಗಿ ಹಂಚುತ್ತಿದ್ದಾರೆ. ಅದು ಕನ್ನಡವನ್ನೂ ಓದುತ್ತದೆ. ಯೂನಿಕೋಡಿನಲ್ಲಿರುವ ಕಥೆಯನ್ನು ಅದರ ಮುಂದಿಟ್ಟರೆ ಕಥೆ ಕೇಳಿಸುತ್ತದೆ. ಹಳೆಯ ಫಾಂಟಿನ ಕಡತವನ್ನಿಟ್ಟರೆ 'ಪಿ, ಎ, ಪೌಂಡ್' ಎಂಬ ಪ್ರಲಾಪ. ಅಂಗವಿಕಲರ ಪಿಂಚಣಿಯ ಆದೇಶವೇ ಅಂಥ ಫಾಂಟಿನಲ್ಲಿದ್ದರೆ, ಯಾರಿಗಾಗಿ ಆದೇಶ ಹೊರಟಿತೋ ಅವರು ಅದನ್ನು ಇನ್ನೊಬ್ಬರ ಬಾಯಿಂದಲೇ ಕೇಳಬೇಕು. ಎರಡನೆಯ ನಷ್ಟ ದಾಖಲೆ ಹುಡುಕುವ ನಾಗರಿಕರಿಗೆ. 2005ರಲ್ಲಿ ಮಾಹಿತಿ ಹಕ್ಕಿನ ಕಾಯಿದೆ ಬಂದಿತು. ಸರ್ಕಾರ ತನ್ನ ಕಾಗದಗಳನ್ನು ಅಂತರಜಾಲದಲ್ಲಿ ಇರಿಸತೊಡಗಿತು. ಇರಿಸಿದ ಕಡತದಲ್ಲಿ 'ಬಗರ್ ಹುಕುಂ' ಎಂದು ಹುಡುಕಿದರೆ ಒಂದೂ ಸಿಗದು, ಏಕೆಂದರೆ ಆ ಪದ ಅಲ್ಲಿ ಆ ಅಂಕಿಗಳಲ್ಲಿ ಇಲ್ಲ. ಕಾಗದ ಬಹಿರಂಗ, ಒಳಗಿನ ಮಾತು ಗುಪ್ತ. ಇದಕ್ಕೆ ಯಾವ ಅಧಿಕಾರಿಯೂ ಸಂಚು ಹೂಡಬೇಕಾಗಿರಲಿಲ್ಲ. ಇನ್ನು ಯಂತ್ರಾನುವಾದಕ್ಕೂ ಕೃತಕ ಬುದ್ಧಿಮತ್ತೆಗೂ ಕನ್ನಡ ಪಠ್ಯವನ್ನು ಒಟ್ಟುಗೂಡಿಸುವ ಈ ದಿನಗಳಲ್ಲಿ ಇಂಥ ಕಡತಗಳು ಕನ್ನಡವೆಂದು ಎಣಿಕೆಗೇ ಬರುವುದಿಲ್ಲ. ಕನ್ನಡದಲ್ಲಿ ಪಠ್ಯವೇ ಕಡಿಮೆ ಎಂಬ ದೂರಿನ ಹಿಂದೆ ಇದರ ಪಾಲೂ ಇದೆ.

ಇಷ್ಟು ಹೇಳಿದ ಮೇಲೆ ಈ ನೆಲದ ಭಾಷೆಯ ಅನುಭವವನ್ನು ನೆನೆಯದಿರಲಾಗದು. ಮಾವೊರಿಯಲ್ಲಿ ಸ್ವರದ ದೀರ್ಘ ಅರ್ಥವನ್ನೇ ಬದಲಿಸುತ್ತದೆ. ಕನ್ನಡದಲ್ಲಿ ಬಲ, ಬಾಲ ಬೇರೆಯಾದಂತೆ. ರೋಮನ್ ಲಿಪಿಯಲ್ಲಿ ಬರೆಯುವಾಗ ದೀರ್ಘವನ್ನು ಸೂಚಿಸಲು ಸ್ವರದ ಮೇಲೆ ಅಡ್ಡಗೆರೆ ಬೇಕು. ಆಕ್ಲೆಂಡಿನ ವಿದ್ವಾಂಸ ಬ್ರೂಸ್ ಬಿಗ್ಸ್ ಸ್ವರವನ್ನೇ ಎರಡು ಬಾರಿ ಬರೆಯುವ ಪದ್ಧತಿಯನ್ನು ಪ್ರತಿಪಾದಿಸಿದ್ದರು. 1987ರ ಕಾಯಿದೆ ಮಾವೊರಿಯನ್ನು ಅಧಿಕೃತ ಭಾಷೆಯೆಂದು ಘೋಷಿಸಿದಾಗ ಹುಟ್ಟಿದ ಭಾಷಾ ಆಯೋಗ ಅಡ್ಡಗೆರೆಯನ್ನೇ ಮಾನಕವೆಂದು ಹಿಡಿಯಿತು. ಆದರೆ ಪಶ್ಚಿಮ ಯೂರೋಪಿಗೆಂದು ಸಿದ್ಧವಾದ 256 ಮನೆಗಳಲ್ಲಿ ಅಡ್ಡಗೆರೆಯ ಸ್ವರಗಳಿರಲಿಲ್ಲ. ಜರ್ಮನ್ನರ ಎರಡು ಚುಕ್ಕೆಯ ಸ್ವರಗಳಿದ್ದವು. ಹಾಗಾಗಿ ಎಷ್ಟೋ ವರ್ಷ ಮಾವೊರಿ ಎಂಬ ಹೆಸರೇ ಜರ್ಮನ್ ಚುಕ್ಕೆಗಳನ್ನು ಹೊತ್ತು ಅಚ್ಚಾಯಿತು. ಚುಕ್ಕೆಯ ಮನೆಯಲ್ಲಿ ಗೆರೆಯನ್ನು ಕೂರಿಸಿದ ಫಾಂಟುಗಳೂ ಬಳಕೆಯಲ್ಲಿದ್ದವು. ನುಡಿ ಮಾಡಿದ ಉಪಾಯವೇ ಇದು, ಐದೇ ಅಕ್ಷರಗಳ ಮಟ್ಟಿಗೆ.

ಮಾವೊರಿಗೆ ಬೇಕಾಗಿದ್ದುದು ಐದು ಸ್ವರ, ಕನ್ನಡಕ್ಕೆ ಇಡೀ ಲಿಪಿ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ. ಯೂನಿಕೋಡ್ ಬಂದ ಮೇಲೆ ಅವರ ತಾಂತ್ರಿಕ ತೊಡಕು ನೀಗಿತು. ಆದರೂ 'ನಮ್ಮ ಯಂತ್ರದಲ್ಲಿ ಆಗದು' ಎಂಬ ಸಬೂಬು ಪತ್ರಿಕೆಗಳಲ್ಲಿ, ಕಚೇರಿಗಳಲ್ಲಿ ಬಹುಕಾಲ ಉಳಿದಿತ್ತು. ಅದನ್ನು ಮಾವೊರಿ ಸಮುದಾಯ ಒಪ್ಪಲಿಲ್ಲ. 2017ರ ಮಾವೊರಿ ಭಾಷಾ ಸಪ್ತಾಹದಲ್ಲಿ ದೇಶದ ದೊಡ್ಡ ಸುದ್ದಿಸಂಸ್ಥೆಯಾದ ಸ್ಟಫ್ ಅಡ್ಡಗೆರೆಗಳನ್ನು ಬಳಸತೊಡಗಿತು. 2019ರಲ್ಲಿ ಭೌಗೋಳಿಕ ಮಂಡಲಿ ಎಂಟುನೂರಕ್ಕೂ ಹೆಚ್ಚು ಮಾವೊರಿ ಸ್ಥಳನಾಮಗಳನ್ನು ಅವುಗಳ ದೀರ್ಘಚಿಹ್ನೆ ಸಹಿತ ಅಧಿಕೃತಗೊಳಿಸಿತು. ಅವರ ಬೇಡಿಕೆಯಲ್ಲಿ ಕಾಗುಣಿತ, ಕಾನೂನು, ತಂತ್ರಜ್ಞಾನ ಮೂರೂ ಒಂದೇ ಮಾತಾಗಿದ್ದವು. ಕರ್ನಾಟಕದ ಭಾಷಾ ಹೋರಾಟಗಳು ನಾಮಫಲಕದಲ್ಲಿ ಕನ್ನಡ ಎಷ್ಟು ಅಂಗುಲ ಇರಬೇಕೆಂದು ಬೀದಿಗಿಳಿದಿವೆ. ಸರ್ಕಾರಿ ಕಡತದೊಳಗಿನ ಕನ್ನಡ ಕನ್ನಡವೇ ಎಂದು ಕೇಳಿ ಯಾರೂ ಬೀದಿಗಿಳಿದ ನೆನಪಿಲ್ಲ.

ಯೂನಿಕೋಡ್ ಸ್ವರ್ಗವೆಂದು ಭಾವಿಸುವುದೂ ಬೇಡ. ಅದು ಕ್ಯಾಲಿಫೋರ್ನಿಯದಲ್ಲಿ ನೆಲೆಸಿದ ಒಕ್ಕೂಟ; ಪೂರ್ಣ ಮತಾಧಿಕಾರ ಶುಲ್ಕ ತೆರುವ ಸದಸ್ಯರಿಗೆ, ಅವರಲ್ಲಿ ಹೆಚ್ಚಿನವು ಆಪಲ್, ಗೂಗಲ್, ಮೈಕ್ರೋಸಾಫ್ಟ್‌ಗಳಂಥ ಕಂಪನಿಗಳು. ಅಂಕಿ ಸಿಕ್ಕ ಮಾತ್ರಕ್ಕೆ ಅಂಥ ಕಂಪನಿಗಳು ಲಿಪಿಯನ್ನು ಅಭ್ಯಾಸ ಮಾಡುತ್ತವೆಂದೂ ಇಲ್ಲ. 2018ರ ಫೆಬ್ರವರಿಯಲ್ಲಿ ತೆಲುಗಿನ 'ಜ್ಞಾ' ಅಕ್ಷರವನ್ನು ನಿರ್ದಿಷ್ಟ ಕ್ರಮದಲ್ಲಿ ಬರೆದು ಕಳಿಸಿದರೆ ಐಫೋನುಗಳಲ್ಲಿ ಸಂದೇಶದ ಆ್ಯಪ್‌ಗಳು ಕುಸಿದುಬೀಳುತ್ತಿದ್ದವು. ಜ್ಞಾನ ಎಂಬ ಪದದ ಮೊದಲ ಅಕ್ಷರವೇ ಆಗಬೇಕಿತ್ತೆ ಎಂದು ನಕ್ಕವರಿದ್ದರು. ಲೆಕ್ಕದಲ್ಲಿಯೂ ತಾರತಮ್ಯ ಉಳಿದಿದೆ. ಈಗ ಪ್ರಚಲಿತವಿರುವ ಯುಟಿಎಫ್-8 ಪದ್ಧತಿಯಲ್ಲಿ ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟು, ಮಾವೊರಿಯ ದೀರ್ಘಸ್ವರಕ್ಕೆ ಎರಡು, ಕನ್ನಡದ ಪ್ರತಿ ಸಂಕೇತಕ್ಕೆ ಮೂರು. 'ಕನ್ನಡ' ಎಂಬ ಮೂರಕ್ಷರದ ಪದಕ್ಕೆ ಹದಿನೈದು ಬೈಟು. ಎಸ್ಸೆಮ್ಮೆಸ್ಸಿನಲ್ಲಿ ಇಂಗ್ಲಿಷಿಗೆ 160 ಅಕ್ಷರಗಳ ಅವಕಾಶವಾದರೆ ಕನ್ನಡಕ್ಕೆ 70 ಸಂಕೇತಗಳದು.

ಆದರೆ ಆ ಒಕ್ಕೂಟದ ಒಂದು ಬಾಗಿಲು ಎಲ್ಲರಿಗೂ ತೆರೆದಿದೆ. ಹೊಸ ಅಕ್ಷರ ಬೇಕೆಂದು ಯಾರು ಬೇಕಾದರೂ ಪುರಾವೆ ಸಹಿತ ಪ್ರಸ್ತಾವ ಸಲ್ಲಿಸಬಹುದು. ಸಲ್ಲಿಸಿದುದನ್ನು ಸಾರ್ವಜನಿಕವಾಗಿ ಚರ್ಚಿಸುತ್ತಾರೆ. ಶಾಸನಗಳಲ್ಲಿ ಸಿಗುವ ನಕಾರಪೊಲ್ಲು ಎಂಬ ಅಕ್ಷರ ಕನ್ನಡದ ಸಾಲಿಗೆ 2021ರಲ್ಲಿ ಸೇರಿದ್ದು ಹಾಗೆ. ಕರಾವಳಿ, ಕಾಸರಗೋಡು, ಮಲೆನಾಡುಗಳ ಓಲೆಗರಿಗಳಲ್ಲಿ ತುಂಬಿರುವ ಲಿಪಿಗೆ ವೈಷ್ಣವಿ ಮೂರ್ತಿ ಮತ್ತು ವಿನೋದ್ ರಾಜನ್ ಅವರು ವರ್ಷಗಳ ಕಾಲ ಪ್ರಸ್ತಾವಗಳನ್ನು ತಿದ್ದಿ ತಿದ್ದಿ ಸಲ್ಲಿಸಿದರು. ಅದನ್ನು ತುಳು ಎನ್ನಬೇಕೇ, ತಿಗಳಾರಿ ಎನ್ನಬೇಕೇ ಎಂಬ ಜಗಳ ಅಲ್ಲಿಯೂ ಬಂದಿತು. 2024ರ ಸೆಪ್ಟೆಂಬರಿನಲ್ಲಿ 'ತುಳು-ತಿಗಳಾರಿ' ಎಂಬ ಜೋಡಿ ಹೆಸರಿನಲ್ಲಿ ಆ ಲಿಪಿಗೆ ಸ್ಥಾನ ದೊರೆಯಿತು. ಹೆಸರಿನ ನಡುವಿನ ಆ ಅಡ್ಡಗೆರೆಯೂ ಒಂದು ರಾಜಿ.

ಇನ್ನು ಹಳೆಯ ಕಡತಗಳ ಪ್ರಶ್ನೆ. ಫಾಂಟಿನ ಕನ್ನಡವನ್ನು ಯೂನಿಕೋಡಿಗೆ ತಿರುಗಿಸುವ ಉಚಿತ ಸಾಧನಗಳನ್ನು ಸ್ವಯಂಸೇವಕರು ಬರೆದಿದ್ದಾರೆ. ಅದೇ ಬಗೆಯ ಉತ್ಸಾಹಿಗಳ 'ವಚನ ಸಂಚಯ'ದಲ್ಲಿ ಇಂದು ಇಪ್ಪತ್ತು ಸಾವಿರಕ್ಕೂ ಹೆಚ್ಚು ವಚನಗಳನ್ನು ಪದ ಹಿಡಿದು ಹುಡುಕಬಹುದು. 'ಕಾಯಕ' ಎಂಬ ಪದವನ್ನು ಯಾವ ಶರಣೆ ಎಲ್ಲಿ ಬಳಸಿದಳು ಎಂದು ಕ್ಷಣದಲ್ಲಿ ತಿಳಿಯಬಹುದು. ಹಾಗೆಂದು ಪರಿವರ್ತನೆ ಗುಂಡಿ ಒತ್ತಿದೊಡನೆ ಮುಗಿಯುವ ಕೆಲಸವಲ್ಲ. 'ತರ್ಕ' ಎಂಬಲ್ಲಿ ಫಾಂಟಿನ ಕಡತ ಅರ್ಕಾವೊತ್ತನ್ನು ಕಣ್ಣಿಗೆ ಕಾಣುವಂತೆ ಕ-ದ ನಂತರ ಇಟ್ಟಿರುತ್ತದೆ. ಯೂನಿಕೋಡಿನಲ್ಲಿ ರ-ಕಾರ ಮೊದಲು ಬರಬೇಕು. ಹಳೆಯ ಮುದ್ರಣದಂತೆ 'ತರ‍್ಕ' ಎಂದು ಒತ್ತು ಕೊಟ್ಟು ಬರೆದಿದ್ದರೆ ನಡುವೆ ಕಾಣದ ಜೋಡಕ ಚಿಹ್ನೆಯೊಂದು ಸೇರಬೇಕು. ಓದುಗರಿಗೆ ಎರಡೂ ಒಂದೇ ಪದ, ಹುಡುಕುವ ಯಂತ್ರಕ್ಕೆ ಎರಡು. ಒಂದು ಇಂಗ್ಲಿಷ್ ಹೆಸರು ನಡುವೆ ಬಂದರೆ ಪರಿವರ್ತಕ ಅದನ್ನೂ ಕನ್ನಡದ ಚೂರುಗಳೆಂದು ಓದಿ ಅಸಂಬದ್ಧ ಮಾಡುತ್ತದೆ. ಮನುಷ್ಯರು ಕುಳಿತು ತಿದ್ದಲೇಬೇಕು.

ಹೊರನಾಡ ಸಂಘಗಳ ಸ್ಮರಣ ಸಂಚಿಕೆಗಳು, ನಿಂತುಹೋದ ಅಂತರಜಾಲ ಪತ್ರಿಕೆಗಳು, ಗೋಲಿಬಾರಿನ ಮಾರನೆಯ ದಿನ ವಿದೇಶದಿಂದ ಬರೆದು ಸಹಿ ಹಾಕಿದ ಹೇಳಿಕೆಗಳು ಈ ವೇಷದ ಕಡತಗಳಲ್ಲಿ, ಯಾರದೋ ಹಳೆಯ ಲ್ಯಾಪ್‌ಟಾಪಿನಲ್ಲಿ, ತೆರೆಯಲು ಸಾಧನವೇ ಸಿಗದ ಸಿಡಿಗಳಲ್ಲಿ ಬಿದ್ದಿವೆ. ಅವನ್ನು ಬೆಂಗಳೂರಿನ ಯಾವ ಇಲಾಖೆಯೂ ಹುಡುಕಿಕೊಂಡು ಬರುವುದಿಲ್ಲ. ಕೆಲಸ ಕಷ್ಟದ್ದಲ್ಲ, ಬೇಸರದ್ದು: ಕಡತ ಯಾವ ಫಾಂಟಿನದು ಎಂದು ಗುರುತಿಸಿ, ಫಾಂಟಿನ ಪ್ರತಿಯನ್ನೂ ಜೊತೆಗೇ ಉಳಿಸಿಕೊಂಡು, ತಿರುಗಿಸಿ, ಮುದ್ರಿತ ಪುಟದೊಡನೆ ಸಾಲು ಸಾಲಾಗಿ ಹೋಲಿಸಿ ಓದಬೇಕು. ಆ ಮುದ್ರಿತ ಪ್ರತಿಗಳು ಈ ಊರಿನಲ್ಲಿ ಯಾರ ಮನೆಯ ಕಪಾಟಿನಲ್ಲಿವೆ ಎಂಬ ಪಟ್ಟಿಯನ್ನು ಇಂದಿನ ಸಭೆ ಮುಗಿಯುವುದರೊಳಗೆ ಬರೆದುಕೊಳ್ಳಲು ಸಾಧ್ಯ.